ಖಾರ ಸುಡುತ್ತದೆ, ಬೇಯಿಸುವುದಿಲ್ಲ

ಎರಡು ಲೋಟಗಳಲ್ಲಿ ಒಂದೇ ಕೊಡದ ನೀರು ತುಂಬಿರಿ. ಒಂದಕ್ಕೆ ಎರಡು ಚಮಚ ಸಂಕೇಶ್ವರ ಮೆಣಸಿನಕಾಯಿಯ ಪುಡಿ ಹಾಕಿ ಕಲಕಿರಿ. ಸ್ವಲ್ಪ ಹೊತ್ತಿನ ಮೇಲೆ ಎರಡರಲ್ಲೂ ಪ್ರಯೋಗಾಲಯದ ಉಷ್ಣತಾಮಾಪಕ ಇಟ್ಟು ನೋಡಿದರೆ ಅಳತೆ ಒಂದೇ ಬರುತ್ತದೆ. ಆದರೆ ಅದೇ ಪುಡಿಯ ಒಂದು ಚಿಟಿಕೆ ನಾಲಿಗೆಗೆ ತಾಗಿದರೆ ಸಾಕು. ಬಾಯಿ ಉರಿಯುತ್ತದೆ, ಹಣೆ ಬೆವರುತ್ತದೆ, ಕಣ್ಣಲ್ಲಿ ನೀರಾಡುತ್ತದೆ. ಉಷ್ಣತಾಮಾಪಕಕ್ಕೆ ಸಿಗದ ಬಿಸಿ ನಾಲಿಗೆಗೆ ಸಿಕ್ಕಿದ್ದು ಹೇಗೆ?

ಈ ಪ್ರಶ್ನೆ ಈಗ ಅಡುಗೆಮನೆಗೂ ಬಂದಿದೆ. ಘೋಡಗೇರಿಯಂಥ ಊರುಗಳಲ್ಲೂ ಮೊಬೈಲಿನಲ್ಲಿ ಕೊರಿಯಾದ ಧಾರಾವಾಹಿ ನೋಡುವ ಮಕ್ಕಳಿದ್ದಾರೆ. ಹಾಸ್ಟೆಲಿನಿಂದ ರಜೆಗೆ ಬಂದವರು ಅಲ್ಲಿನ ಅಡುಗೆಯನ್ನು ಮನೆಯಲ್ಲೇ ಮಾಡಿ ನೋಡಬೇಕೆನ್ನುತ್ತಾರೆ. ಮಾಂಸಾಹಾರಿಗಳ ಮನೆಗಳಲ್ಲಿ ಹೀಗೆ ಕೇಳಿಬರುವ ಹೆಸರುಗಳಲ್ಲೊಂದು ‘ಜೆಯುಕ್ ಬೊಕ್ಕುಮ್’. ತೆಳ್ಳಗೆ ಕೊಯ್ದ ಹಂದಿಮಾಂಸವನ್ನು ಕೆಂಪು ಖಾರದಲ್ಲಿ ಕಲಸಿ, ದೊಡ್ಡ ಉರಿಯಲ್ಲಿ ಬೇಗನೆ ಹುರಿದು, ಬಿಸಿ ಅನ್ನದ ಜೊತೆ ತಿನ್ನುವ ಪದಾರ್ಥ ಇದು.

ಇದರ ಜೀವ ‘ಗೊಚುಜಾಂಗ್’ ಎಂಬ ಖಾರದ ಮುದ್ದೆ. ಮೆಣಸಿನಕಾಯಿ ಪುಡಿ, ಅಂಟಕ್ಕಿ, ಹುದುಗು ಬಂದ ಸೋಯಾಬೀನ್ ಪುಡಿ ಮತ್ತು ಉಪ್ಪು ಸೇರಿಸಿ, ಮಣ್ಣಿನ ಜಾಡಿಯಲ್ಲಿ ತಿಂಗಳುಗಟ್ಟಲೆ ಇಟ್ಟು ಮಾಗಿಸುವುದು ಅದರ ಹಳೆಯ ಕ್ರಮ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಣ್ಣು ಮೆಣಸಿನಕಾಯಿ ಅರೆದು ಜಾಡಿಯಲ್ಲಿ ಇಡುವ ರಂಜಕಕ್ಕೆ ಇದು ದೂರದ ನೆಂಟ. ನೆಂಟಸ್ತನಕ್ಕೆ ಕಾರಣವೂ ಇದೆ. ಮೆಣಸಿನಕಾಯಿ ಕೊರಿಯಾದ್ದೂ ಅಲ್ಲ, ಭಾರತದ್ದೂ ಅಲ್ಲ. ಅದರ ತವರು ಅಮೆರಿಕ ಖಂಡ. 1492ರಲ್ಲಿ ಕೊಲಂಬಸ್ ಆ ದಾರಿ ತೆರೆದ ನಂತರವೇ ಅದು ಹಡಗು ಹತ್ತಿತು. ಭಾರತಕ್ಕೆ ತಂದವರು ಪೋರ್ಚುಗೀಸರು.

ಇನ್ನು ಖಾರದ ಗುಟ್ಟು. ಮೆಣಸಿನಕಾಯಿಯಲ್ಲಿ ಕ್ಯಾಪ್ಸೈಸಿನ್ ಎಂಬ ರಾಸಾಯನಿಕವಿದೆ. ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ತಿರುಳಿನಲ್ಲಿ ಅದು ಹೆಚ್ಚು. ನಾಲಿಗೆಯ ನರತಂತುಗಳಲ್ಲಿ ಬಿಸಿಯನ್ನು ಅರಿಯುವ ಸಣ್ಣ ಬಾಗಿಲುಗಳಿವೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಚಹಾ ತಾಗಿದಾಗ ಇವು ತೆರೆದುಕೊಂಡು ‘ಸುಡುತ್ತಿದೆ’ ಎಂದು ಮೆದುಳಿಗೆ ಸುದ್ದಿ ಕಳಿಸುತ್ತವೆ. ಕ್ಯಾಪ್ಸೈಸಿನ್ ಈ ಬಾಗಿಲಿಗೆ ಕಳ್ಳ ಕೀಲಿಕೈ ಇದ್ದ ಹಾಗೆ. ಬಿಸಿಯೇ ಇಲ್ಲದೆ ಬಾಗಿಲು ತೆರೆಯುತ್ತದೆ, ಸುಳ್ಳು ಸುದ್ದಿ ಹೋಗುತ್ತದೆ. ಟಿ.ಆರ್.ಪಿ.ವಿ.1 ಎಂಬ ಈ ಬಾಗಿಲನ್ನು 1997ರಲ್ಲಿ ಅಮೆರಿಕದ ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು ಪತ್ತೆ ಮಾಡಿದರು. 2021ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಜೂಲಿಯಸ್ ಅವರು ಆರ್ಡೆಮ್ ಪಟಪೂಟಿಯನ್ ಜೊತೆ ಹಂಚಿಕೊಂಡರು.

ಅಂದರೆ ಖಾರವೆಂಬುದು ಬಿಸಿಯಲ್ಲ, ಬಿಸಿಯ ಭ್ರಮೆ. ಹಂದಿಮಾಂಸದ ಅಡುಗೆಯಲ್ಲಿ ಈ ವ್ಯತ್ಯಾಸ ಮರೆತರೆ ಅಪಾಯವಿದೆ.

ಹಂದಿಯ ಸ್ನಾಯುವಿನಲ್ಲಿ ಕೆಲವೊಮ್ಮೆ ಲಾಡಿಹುಳುವಿನ ಮರಿಗಳು ಗುಳ್ಳೆಗಳಾಗಿ ಕುಳಿತಿರುತ್ತವೆ. ನೋಡಲು ನೆನೆದ ಸಾಬೂದಾಣಿಯ ಹಾಗೆ ಇರುತ್ತವೆ. ಅರೆಬೆಂದ ಮಾಂಸದ ಜೊತೆ ಅವು ಹೊಟ್ಟೆ ಸೇರಿದರೆ ಕರುಳಿನಲ್ಲಿ ಎರಡು-ಮೂರು ಮೀಟರ್ ಅಥವಾ ಇನ್ನೂ ಉದ್ದದ ಹುಳುವಾಗಿ ಬೆಳೆಯುತ್ತವೆ. ಇದಕ್ಕಿಂತ ದೊಡ್ಡ ಅಪಾಯ ಈ ಹುಳುವಿನ ಮೊಟ್ಟೆಗಳದ್ದು. ಹುಳು ಇರುವವರ ಮಲದಲ್ಲಿ ಮೊಟ್ಟೆಗಳು ಹೊರಬರುತ್ತವೆ. ತೊಳೆಯದ ಕೈ, ಕೊಳಕು ನೀರು, ಹಸಿ ತರಕಾರಿಯ ಮೂಲಕ ಅವು ಇನ್ನೊಬ್ಬರ ಹೊಟ್ಟೆ ಸೇರಿದರೆ ಮರಿಗಳು ರಕ್ತದೊಡನೆ ಹೋಗಿ ಮೆದುಳಿನಲ್ಲೂ ಗುಳ್ಳೆ ಕಟ್ಟಬಲ್ಲವು. ಫಲ, ಮೂರ್ಛೆರೋಗ. ಈ ಹುಳುವಿನ ಕಾಟವಿರುವ ಅನೇಕ ಪ್ರದೇಶಗಳಲ್ಲಿ ಮೂರ್ಛೆರೋಗದ ಸುಮಾರು ಶೇಕಡಾ 30ರಷ್ಟು ಪ್ರಕರಣಗಳಿಗೆ ಇದೇ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಂದಿಮಾಂಸವನ್ನು ಜನ್ಮದಲ್ಲಿ ಮುಟ್ಟದವರಿಗೂ ಇದು ಬರಬಹುದು ಎಂಬುದನ್ನು ಗಮನಿಸಬೇಕು.

ಮೆಣಸಿನಪುಡಿ ಎಷ್ಟೇ ಹಾಕಿದರೂ ಈ ಗುಳ್ಳೆ ಸಾಯುವುದೆಂದು ನಂಬುವಂತಿಲ್ಲ. ಸಾಯಿಸುವುದು ನಿಜವಾದ ಬಿಸಿ. ಕೊಡಗಿನ ಪಂದಿ ಕರಿಯನ್ನೇ ನೋಡಿ. ಹುರಿದ ಕರಿಮೆಣಸಿನ ಮಸಾಲೆ, ಕಾಚಂಪುಳಿಯ ಹುಳಿ ಸೇರಿ ಮಾಂಸ ಬಹಳ ಹೊತ್ತು ಒಲೆಯ ಮೇಲೆ ಕುದಿಯುತ್ತದೆ. ಶಾಖ ತುಂಡಿನ ನಡುವಿನವರೆಗೆ ಇಳಿಯುತ್ತದೆ. ಕೊರಿಯಾದ ಹುರಿಯುವ ಅಡುಗೆ ಹಾಗಲ್ಲ, ಕೆಲವೇ ನಿಮಿಷದ್ದು. ಅದರ ಮೇಲೆ ಕೆಂಪು ಮಸಾಲೆಯ ಬಣ್ಣ ಬೇರೆ. ಒಳಗೆ ಮಾಂಸ ಬೆಂದಿದೆಯೋ ಇಲ್ಲವೋ ಕಣ್ಣಿಗೆ ತಿಳಿಯದು.

ಆದ್ದರಿಂದ ಮೊದಲ ಸಲ ಮಾಡುವವರು ಕ್ರಮವನ್ನು ಸ್ವಲ್ಪ ಬದಲಿಸುವುದು ಒಳ್ಳೆಯದು. ಬೀದಿಯಲ್ಲಿ ಅಲೆಯುವ ಹಂದಿಯ ಮಾಂಸ ಬೇಡ. ದೊಡ್ಡಿಯಲ್ಲಿ ಸಾಕಿದ, ಪರೀಕ್ಷೆಯಾದ ಮಾಂಸವನ್ನೇ ಕೊಳ್ಳಬೇಕು. ಅರ್ಧ ಕಿಲೋ ಮಾಂಸವನ್ನು ಫ್ರಿಜ್ಜಿನಲ್ಲಿ ಅರೆಗಟ್ಟಿ ಮಾಡಿಕೊಂಡರೆ ತೆಳ್ಳಗೆ ಕೊಯ್ಯಲು ಸುಲಭ. ಕಬ್ಬಿಣದ ಬಾಣಲೆ ಚೆನ್ನಾಗಿ ಕಾದ ಮೇಲೆ ಎಣ್ಣೆ ಬಿಟ್ಟು, ಮಾಂಸವನ್ನು ಮಾತ್ರ ಎರಡು ಕಂತಿನಲ್ಲಿ ಹುರಿಯಬೇಕು. ಒಮ್ಮೆಗೇ ಸುರಿದರೆ ಬಾಣಲೆ ತಣಿದು, ನೀರು ಬಿಟ್ಟು, ಹುರಿಯುವ ಬದಲು ಕುದಿಯುತ್ತದೆ. ದಪ್ಪನೆಯ ತುಂಡೊಂದನ್ನು ಮುರಿದು ನೋಡಿ. ನಡುವೆ ಗುಲಾಬಿ ಬಣ್ಣ ಉಳಿದಿರಬಾರದು. ಅಡುಗೆಯ ಉಷ್ಣತಾಮಾಪಕವಿದ್ದರೆ 71 ಡಿಗ್ರಿ ತೋರಿಸಬೇಕು. ನಂತರ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ. ಕೊನೆಗೆ ಎರಡು ದೊಡ್ಡ ಚಮಚ ಗೊಚುಜಾಂಗ್, ಒಂದು ಚಮಚ ಸೋಯಾ ಸಾಸ್, ಒಂದು ಚಮಚ ಸಕ್ಕರೆ. ಮಸಾಲೆಯಲ್ಲಿ ಸಿಹಿ ಇರುವುದರಿಂದ ಮೊದಲೇ ಹಾಕಿದರೆ ಅದು ಸೀದು ಕಪ್ಪಾಗುತ್ತದೆ, ಮಾಂಸ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಮೇಲೆ ಒಂದಿಷ್ಟು ಎಳ್ಳು ಉದುರಿಸಿ ಇಳಿಸುವುದು.

ಗೊಚುಜಾಂಗ್ ಸಿಗದಿದ್ದರೆ ಬ್ಯಾಡಗಿ ಪುಡಿ ಬಣ್ಣಕ್ಕೆ, ಸಂಕೇಶ್ವರದ ಪುಡಿ ಖಾರಕ್ಕೆ. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಬ್ಯಾಡಗಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಹುದುಗಿನ ರುಚಿ ಮಾತ್ರ ಬಾರದು. ಖಾರ ಹೆಚ್ಚಾದರೆ ನೀರು ಕುಡಿದು ಪ್ರಯೋಜನವಿಲ್ಲ. ಕ್ಯಾಪ್ಸೈಸಿನ್ ಕೊಬ್ಬಿನಲ್ಲಿ ಕರಗುತ್ತದೆಯೇ ಹೊರತು ನೀರಿನಲ್ಲಿ ಕರಗುವುದಿಲ್ಲವೆಂದೇ ಹೇಳಬೇಕು. ಹಾಲು, ಮೊಸರು ಉರಿಯನ್ನು ತಗ್ಗಿಸುತ್ತವೆ.

ಹಸಿ ಮಾಂಸ ಕೊಯ್ದ ಹಲಗೆ, ಚೂರಿಗಳನ್ನು ಸೋಪಿನಿಂದ ತೊಳೆಯದೆ ಸೌತೆಕಾಯಿ ಹೆಚ್ಚಬಾರದು. ಊಟಕ್ಕೆ ಮುಂಚೆ, ಶೌಚದ ನಂತರ ಕೈತೊಳೆಯುವುದಂತೂ ಎಲ್ಲರಿಗೂ ಅನ್ವಯಿಸುವ ಮಾತು. ಕೊರಿಯಾದ ಜೆಜು ದ್ವೀಪದಲ್ಲಿ ಹಿಂದೆ ಶೌಚದ ಕಟ್ಟೆಯ ಕೆಳಗೇ ಹಂದಿ ಸಾಕುತ್ತಿದ್ದರು. ಲಾಡಿಹುಳುವಿನ ಕಾಟವೂ ಅಲ್ಲಿತ್ತು. ಕಳೆದ ಶತಮಾನದ ಉತ್ತರಾರ್ಧದಲ್ಲಿ ಅಂಥ ಶೌಚಾಲಯಗಳು ಹೋದವು, ಹಂದಿಗಳು ದೊಡ್ಡಿ ಸೇರಿದವು, ಹುಳು ಅಪರೂಪವಾಯಿತು. ಅಲ್ಲಿನವರು ಮೆಣಸಿನಕಾಯಿಯನ್ನು ಮೊದಲೂ ತಿನ್ನುತ್ತಿದ್ದರು, ಈಗಲೂ ತಿನ್ನುತ್ತಾರೆ. ಬದಲಾದದ್ದು ಶೌಚಾಲಯ ಮತ್ತು ಹಂದಿ ಸಾಕುವ ಕ್ರಮ.