ಬಿಟ್ಟವರು, ಬಿಡಿಸಿದವರು

ನಮಗೆ ಬರುವ ಬರಹಗಳಲ್ಲಿ ಈಚೆಗೆ ಎಲ್ಲರೂ ಎಲ್ಲವನ್ನೂ ‘ತ್ಯಜಿಸು’ತ್ತಿದ್ದಾರೆ. ಹುದ್ದೆ ತ್ಯಜಿಸುತ್ತಾರೆ, ಪಕ್ಷ ತ್ಯಜಿಸುತ್ತಾರೆ, ಕಾಫಿಗೆ ಸಕ್ಕರೆ ತ್ಯಜಿಸುತ್ತಾರೆ. ಟಿಕೆಟ್ ಸಿಗದವರದ್ದೂ ಕ್ಷೇತ್ರತ್ಯಾಗವೇ. ಬಿಡುವುದಕ್ಕೆ ಕನ್ನಡದಲ್ಲಿ ಮಾತಿನ ಬರವೇ? ಕೈ ಒಂದನ್ನೇ ತೆಗೆದುಕೊಂಡರೂ ಸಂಸಾರ ದೊಡ್ಡದಿದೆ. ಸರ್ಕಾರ ಯೋಜನೆಯನ್ನು ಕೈಬಿಡುತ್ತದೆ, ವೈದ್ಯರು ಕೈಚೆಲ್ಲುತ್ತಾರೆ, ಮಳೆ ಕೈಕೊಡುತ್ತದೆ, ಅಧಿಕಾರಿ ಕೈತೊಳೆದುಕೊಳ್ಳುತ್ತಾನೆ. ವೈದ್ಯರು ‘ಕೈಬಿಟ್ಟರು’ ಎಂದು ಅಚ್ಚುಹಾಕಿ ನೋಡಿ, ಮರುದಿನ ವಕೀಲರ ನೋಟಿಸು ಬರುತ್ತದೆ. ಕೈಚೆಲ್ಲಿದವನು ಕೈಲಾದಷ್ಟು ಮಾಡಿ ಸೋತವನು. ಕೈಬಿಟ್ಟವನು ಹಿಡಿದುಕೊಂಡಿರಬೇಕಾದ್ದನ್ನು ಬಿಟ್ಟವನು. ತೀರ್ಪು ಕ್ರಿಯಾಪದದೊಳಗೇ ಕೂತಿದೆ.

ಕಾಶಿ, ಗಯೆಗೆ ಹೋದವರು ಇಷ್ಟದ ಒಂದು ಹಣ್ಣನ್ನೋ ತರಕಾರಿಯನ್ನೋ ಅಲ್ಲೇ ಬಿಟ್ಟು ಬರುವ ರೂಢಿ ಇನ್ನೂ ಇದೆ. ಪಂಕ್ತಿಯಲ್ಲಿ ಸೀಬೆಹಣ್ಣಿನ ತಟ್ಟೆ ಹತ್ತಿರ ಬಂದಾಗ ಹಿರಿಯರೊಬ್ಬರು ಎಲೆಗೆ ಕೈ ಅಡ್ಡ ಹಿಡಿದು, ‘ನನಗೆ ಬೇಡಮ್ಮ, ಗಯೆಯಲ್ಲಿ ಬಿಟ್ಟಿದೀನಿ’ ಎನ್ನುತ್ತಾರೆ. ಬಡಿಸುವವರು ಒತ್ತಾಯ ಮಾಡದೆ ಮುಂದಿನ ಎಲೆಗೆ ಹೋಗುತ್ತಾರೆ. ‘ತ್ಯಜಿಸಿದ್ದೇನೆ’ ಎಂದಿದ್ದರೆ ಪಂಕ್ತಿಯೆಲ್ಲ ನಗುತ್ತಿತ್ತು. (ಹಾಗಲಕಾಯಿ ಬಿಟ್ಟು ಬಂದ ಜಾಣರೂ ಉಂಟು; ಆ ಮಾತು ಬೇರೆ.) ಚಾತುರ್ಮಾಸ್ಯದ ಲೆಕ್ಕವೇ ಇನ್ನೊಂದು. ಮಾಧ್ವರ ಮನೆಗಳಲ್ಲಿ ಮೊದಲ ತಿಂಗಳು ತರಕಾರಿ, ಆಮೇಲೆ ಮೊಸರು, ಆಮೇಲೆ ಹಾಲು, ಕಡೆಯ ತಿಂಗಳು ದ್ವಿದಳ ಧಾನ್ಯ ‘ವರ್ಜ್ಯ’. ವರ್ಜ್ಯಕ್ಕೆ ಅವಧಿ ಇರುತ್ತದೆ. ಕಾರ್ತಿಕದಲ್ಲಿ ವ್ರತ ಮುಗಿಯಿತೆಂದರೆ ತೊಗರಿಬೇಳೆ ಮತ್ತೆ ಒಲೆ ಏರುತ್ತದೆ. ಗಯೆಯ ಸೀಬೆಹಣ್ಣು ಮಾತ್ರ ಹಿಂತಿರುಗಿ ಬರುವಂತಿಲ್ಲ. ಎಳ್ಳುನೀರು ಇದಕ್ಕಿಂತ ಕಠೋರ. ಹೆಬ್ಬೆರಳು ತೋರುಬೆರಳುಗಳ ಸಂದಿಯಿಂದ ಎಳ್ಳು ಬೆರೆತ ನೀರನ್ನು ಇಳಿಬಿಡುವುದು ಸತ್ತವರಿಗೆ. ಸಿನಿಮಾ ಮಾಡುವ ಆಸೆಗೆ ಎಳ್ಳುನೀರು ಬಿಟ್ಟೆ ಎಂದವನು ಆ ಆಸೆಯ ಶ್ರಾದ್ಧ ಮುಗಿಸಿಯೇ ಮಾತಾಡುತ್ತಿದ್ದಾನೆ.

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಏಳನೆಯ ಶತಮಾನದ ಸುಮಾರಿನ ಕಿರುಶಾಸನಗಳು ಎಷ್ಟೋ ಇವೆ. ಅನ್ನನೀರು ತೊರೆದು ದೇಹ ಬಿಟ್ಟ ಮುನಿಗಳ, ಕಂತಿಯರ ಹೆಸರು ಅಲ್ಲಿವೆ. ಅವರು ಸತ್ತರೆಂದು ಕಲ್ಲು ಹೇಳುವುದಿಲ್ಲ, ನೋಂತು ‘ಮುಡಿಪಿದರು’ ಎನ್ನುತ್ತದೆ. 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟು ಅದೇ ವ್ರತವನ್ನು ಆತ್ಮಹತ್ಯೆಯ ಸಾಲಿಗೆ ಸೇರಿಸಿತು. 31ರಂದು ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ಆ ವ್ಯಾಜ್ಯದ ವಿಚಾರಣೆ ಇಲ್ಲಿ ಬೇಡ. ಆದರೆ ವರದಿಗಾರ ಯಾವ ಪಕ್ಷದವನೆಂದು ತಿಳಿಯಲು ಅವನ ಮೊದಲ ವಾಕ್ಯದ ಕೊನೆಯ ಪದ ಸಾಕಿತ್ತು.

ಇನ್ನು ರಾಜೀನಾಮೆ. ಪಾರ್ಸಿಯಲ್ಲಿ ಅದು ಒಪ್ಪಿಗೆ ಪತ್ರ. ಧಾರವಾಡ, ಬೆಳಗಾವಿ ಮುಂಬೈ ಪ್ರಾಂತ್ಯದಲ್ಲಿದ್ದಾಗ ಜಮೀನು ಬಿಡುವ ರೈತ ಕಂದಾಯ ಕಚೇರಿಗೆ ಬರೆದುಕೊಡುತ್ತಿದ್ದುದೂ ರಾಜೀನಾಮೆಯೇ. ನಮ್ಮ ಪತ್ರಿಕೆಗಳು ‘ಸಚಿವರಿಂದ ರಾಜೀನಾಮೆ ಪಡೆದ ಮುಖ್ಯಮಂತ್ರಿ’ ಎಂದು ತಲೆಬರಹ ಕೊಡುತ್ತವೆ. ಒಪ್ಪಿಗೆಯನ್ನು ಕಿತ್ತುಕೊಳ್ಳಲೂ ಬರುತ್ತದೆ ಎಂದಾಯಿತು! ಶಾಲೆಯ ವಿಷಯದಲ್ಲಿ ಇಲಾಖೆಯ ಭಾಷೆಗೆ ನನ್ನ ಮತ. ‘ಶಾಲೆ ಬಿಟ್ಟ ಮಕ್ಕಳು’ ಎಂದರೆ ತಪ್ಪು ಮಕ್ಕಳ ತಲೆಗೆ. ‘ಶಾಲೆಯಿಂದ ಹೊರಗುಳಿದ ಮಕ್ಕಳು’ ಎಂದಾಗ, ಹೊರಗೆ ಉಳಿಸಿದ್ದು ಯಾರು ಎಂದು ಕೇಳಲು ಒಂದಿಷ್ಟು ಜಾಗ ಸಿಗುತ್ತದೆ.

ಈ ಪದಗಳಲ್ಲೆಲ್ಲ ನನ್ನನ್ನು ಹೆಚ್ಚು ಕಾಡುವುದು ಉಪನೋಂದಣಾಧಿಕಾರಿ ಕಚೇರಿಯ ‘ಹಕ್ಕು ಬಿಡುಗಡೆ ಪತ್ರ’. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದ ಹಕ್ಕು ಎಂಬ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತು, ಅದಕ್ಕೂ ಮೊದಲು ಮದುವೆಯಾಗಿ ಹೋದವರನ್ನು ಹೊರಗಿಟ್ಟು. ಕೇಂದ್ರದ ಕಾಯಿದೆ ತಿದ್ದುಪಡಿಯಾದದ್ದು 2005ರಲ್ಲಿ. ಆ ಹೊತ್ತಿಗೆ ತಂದೆ ಬದುಕಿರಬೇಕಿತ್ತೇ ಎಂಬ ತಕರಾರನ್ನು 2020ರಲ್ಲಿ ಸುಪ್ರೀಂ ಕೋರ್ಟು ಬಗೆಹರಿಸಿತು: ಬೇಕಿಲ್ಲ. ಕಾನೂನು ಹೀಗೆ ಮೆಟ್ಟಿಲು ಹತ್ತುತ್ತಿದ್ದಂತೆ ಬಿಡುಗಡೆ ಪತ್ರಕ್ಕೆ ಕೆಲಸ ಹೆಚ್ಚಿತು. ಮಗಳಿಗೆ ಹಕ್ಕೇ ಇಲ್ಲದ ಕಾಲದಲ್ಲಿ ಬಿಡಿಸಿಕೊಳ್ಳುವ ಪ್ರಮೇಯವಾದರೂ ಎಲ್ಲಿತ್ತು? ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಹಣ, ಒಂದು ಸೀರೆ, ಬಾಡಿಗೆ ಕಾರಿನಲ್ಲಿ ತಾಲ್ಲೂಕು ಕೇಂದ್ರಕ್ಕೆ ಪ್ರಯಾಣ. ಅಲ್ಲಿ ಕ್ಯಾಮೆರಾ ಮುಂದೆ ಕೂತು ಫೋಟೊ, ಬೆರಳಚ್ಚು, ಪುಟಪುಟಕ್ಕೂ ರುಜು. ಪತ್ರದಲ್ಲಿ ಯಾರ ಒತ್ತಾಯವೂ ಇಲ್ಲದೆ, ಸ್ವಸಂತೋಷದಿಂದ ಎಂಬರ್ಥದ ಸಾಲು ತಪ್ಪದೆ ಇರುತ್ತದೆ. ನಿಜವಾಗಿಯೂ ಸಂತೋಷದಿಂದ ಬರೆದುಕೊಟ್ಟವರು ಇಲ್ಲವೆಂದಲ್ಲ. ತವರಿನ ಬಾಗಿಲು ತೆರೆದಿರಲಿ ಎಂದು ಲೆಕ್ಕ ಹಾಕಿ ಕೊಟ್ಟವರು ಅವರಿಗಿಂತ ಹೆಚ್ಚು.

ಒಂದೇ ಕಾಗದಕ್ಕೆ ಎಷ್ಟು ಮಾತು ನೋಡಿ. ನೆಂಟರ ಮುಂದೆ ತಮ್ಮ, ‘ಅಕ್ಕ ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ಟಳು’ ಎನ್ನುತ್ತಾನೆ. ಪತ್ರ ಬರಹಗಾರರ ದಾಖಲೆಯಲ್ಲಿ ಅದು ಬಿಡುಗಡೆ. ಊರವರು ‘ಬರೆಸ್ಕೊಂಡ್ರಂತೆ’ ಎಂದು ಕಟ್ಟೆಯ ಮೇಲೆ ಮಾತಾಡಿಕೊಳ್ಳುತ್ತಾರೆ. ಆಕೆಯನ್ನೇ ಕೇಳಿದರೆ, ‘ಸೈನ್ ಹಾಕಿ ಬಂದೆ’ ಎಂದಷ್ಟೇ ಹೇಳಿ ಬೇರೆ ಮಾತು ತೆಗೆಯುತ್ತಾಳೆ.