ಅಮ್ಮ ಹೊಸ್ತಿಲು ದಾಟಿದ ಚಳಿಗಾಲ

"ಅಲ್ಲಿ ಮೈನಸ್ 25 ಅಂತೆ, ಹೇಗೆ ಬದುಕ್ತೀರೇ?" ಬೆಂಗಳೂರಿನ ಗೆಳತಿಯರು ಫೋನ್ ಮಾಡಿದಾಗಲೆಲ್ಲ ಕೇಳುವ ಪ್ರಶ್ನೆ ಇದು. ನಾನಿರುವುದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ. ಬರೀ ಚಳಿಯ ಮಾತಾದರೆ ಉತ್ತರ ಸುಲಭ. ದಪ್ಪ ಜಾಕೆಟ್ ಇದೆ, ಮನೆಯಲ್ಲಿ ಹೀಟರ್ ಇದೆ. ಪೇಟೆಯಲ್ಲಿ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗಲು ಗಾಜಿನ ಸೇತುವೆಗಳಿವೆ. ಸ್ಕೈವೇ ಅನ್ನುತ್ತಾರೆ, ಒಟ್ಟು ಸುಮಾರು 15 ಕಿಲೋಮೀಟರ್. ಕೋಟು ಹಾಕದೆಯೇ ಮಧ್ಯಾಹ್ನದ ಊಟಕ್ಕೆ ಹೋಗಿ ಬರಬಹುದು. ಚಳಿಗಿಂತ ಕಷ್ಟವಾದದ್ದು ತಿಂಗಳುಗಟ್ಟಲೆ ಬಾಗಿಲು ಹಾಕಿಕೊಂಡು ಒಳಗೇ ಕೂರುವುದು. ಅದು ನನಗೆ ಸರಿಯಾಗಿ ಅರ್ಥವಾಗಿದ್ದು ಅಮ್ಮ ನನ್ನ ಬಾಣಂತನಕ್ಕೆ ಬಂದ ವರ್ಷ.

ನಾವು ಈ ಊರಿಗೆ ಬಂದಿದ್ದು 2018ರಲ್ಲಿ. ಮರುವರ್ಷ ಜನವರಿ 30ರಂದು ಧ್ರುವದ ಚಳಿ ಇಲ್ಲಿಯವರೆಗೂ ಇಳಿದು ಬಂತು. ಆ ದಿನ ಮೈನಸ್ 33. ಗಾಳಿ ಸೇರಿ ಮೈಗೆ ತಟ್ಟಿದ್ದು ಮೈನಸ್ 48. ಅಂಚೆಯವರೂ ಬಟವಾಡೆ ನಿಲ್ಲಿಸಿದ್ದರು. ಅಂಥ ಗಾಳಿಗೆ ತೆರೆದ ಚರ್ಮ ಹತ್ತು ನಿಮಿಷದೊಳಗೆ ಹೆಪ್ಪುಗಟ್ಟಬಹುದು. ಆದರೆ ಅಂಥ ದಿನಗಳು ಬೆರಳೆಣಿಕೆಯಷ್ಟೇ. ಮಿಕ್ಕ ದಿನ ಇಲ್ಲಿನವರು ಆರಾಮಾಗಿ ಹೊರಗಿರುತ್ತಾರೆ. ಹೆಪ್ಪುಗಟ್ಟಿದ ಕೆರೆ ಮೇಲೆ ತೂತು ಕೊರೆದು ಮೀನು ಹಿಡಿಯುತ್ತಾರೆ, ಸ್ಕೀ ಮಾಡುತ್ತಾರೆ.

ಸ್ಕೀ ಅಂದರೆ ಬೆಟ್ಟದ ಮೇಲಿಂದ ರೊಯ್ಯನೆ ಜಾರುವುದು ಅಂತಲೇ ನಾನೂ ಅಂದುಕೊಂಡಿದ್ದೆ. ಈ ಊರಲ್ಲಿ ದೊಡ್ಡ ಬೆಟ್ಟವೇ ಇಲ್ಲ. ಇಲ್ಲಿ ಹೆಚ್ಚಾಗಿ ನಡೆಯುವುದು ಕ್ರಾಸ್ ಕಂಟ್ರಿ. ಹಲಗೆ ಉದ್ದ, ತೆಳ್ಳಗೆ. ಬೂಟಿನ ತುದಿಯನ್ನು ಮಾತ್ರ ಅದಕ್ಕೆ ಸಿಕ್ಕಿಸುತ್ತಾರೆ, ಹಿಮ್ಮಡಿ ಎತ್ತಬಹುದು. ಯಂತ್ರದಿಂದ ಹಿಮದಲ್ಲಿ ಕೊರೆದ ಎರಡು ಗೆರೆಗಳ ಮೇಲೆ ರೈಲಿನ ಹಾಗೆ ಸಾಗಬೇಕು. ಊರೊಳಗೇ ಇರುವ ಥಿಯೋಡರ್ ವರ್ತ್ ಪಾರ್ಕ್‌ನಲ್ಲಿ ಕಲಿತೆ. 2024ರಲ್ಲಿ ವಿಶ್ವಕಪ್ ಸ್ಪರ್ಧೆ ನಡೆದಿದ್ದೂ ಅಲ್ಲೇ. ಮೊದಲ ಪಾಠ ಬೀಳುವುದು, ಎರಡನೆಯದು ಏಳುವುದು. ಪಕ್ಕಕ್ಕೆ ಹೊರಳಿ, ಎರಡೂ ಹಲಗೆ ಜೋಡಿಸಿ, ಮಂಡಿಯೂರಿ ಏಳಬೇಕು. ಮೊದಲ ದಿನ ನಾನು ನಡೆದದ್ದಕ್ಕಿಂತ ಎದ್ದದ್ದೇ ಹೆಚ್ಚು.

ಅಮ್ಮ ಬಂದಿದ್ದು 2022ರ ನವೆಂಬರ್‌ನಲ್ಲಿ, ಹೊಳೆನರಸೀಪುರ ಹತ್ತಿರದ ನಮ್ಮ ಹಳ್ಳಿಯಿಂದ. ಡಿಸೆಂಬರ್ ಮೊದಲ ವಾರ ಮಗಳು ಹುಟ್ಟಿದಳು, ಅಮ್ಮನ ರಾಜ್ಯಭಾರ ಶುರುವಾಯಿತು. ಎಣ್ಣೆಸ್ನಾನ, ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮೆಣಸಿನ ಸಾರು. ಸಾಂಬ್ರಾಣಿ ಹಾಕಿದ ಮೊದಲ ದಿನವೇ ಹೊಗೆಯ ಅಲಾರಂ ಕಿರುಚಿ ಮಗು ಬೆಚ್ಚಿಬಿತ್ತು. ಅಲ್ಲಿಗೆ ಸಾಂಬ್ರಾಣಿ ಬಂದ್. ಡಾಕ್ಟರು ನಿಧಾನಕ್ಕೆ ಓಡಾಡಿ ಅಂದಿದ್ದರು. ಅಮ್ಮ ಮಾತ್ರ, "ಬಾಣಂತಿ ಹೊಸ್ತಿಲು ದಾಟಂಗಿಲ್ಲ. ಈಗ ಶೀತ ಹಿಡಿದ್ರೆ ಜನ್ಮಕ್ಕೂ ಬಿಡಲ್ಲ" ಅನ್ನುತ್ತಿದ್ದಳು. ಜೊತೆಗೆ ಆ ವರ್ಷ ಬಿದ್ದ ಹಿಮವೂ ಸಾಮಾನ್ಯದ್ದಲ್ಲ. ಚಳಿಗಾಲ ಮುಗಿಯುವಷ್ಟರಲ್ಲಿ 90 ಇಂಚು, ಈ ಊರಿನ ದಾಖಲೆಯಲ್ಲಿ ಮೂರನೆಯದು.

ಬಾಣಂತಿ ನಾನೊಬ್ಬಳೇ, ಸೆರೆ ಮಾತ್ರ ಇಬ್ಬರಿಗೂ. ಊರಲ್ಲಿ ಅಮ್ಮ ಬೆಳಿಗ್ಗೆ ಐದಕ್ಕೆ ಎದ್ದು, ಅಂಗಳ ಗುಡಿಸಿ, ರಂಗೋಲಿ ಬಿಟ್ಟು, ಡೇರಿಗೆ ಹಾಲು ಹಾಕಿ, ದಾರಿಯಲ್ಲಿ ಹತ್ತು ಜನರನ್ನು ಮಾತಾಡಿಸಿಕೊಂಡು ಬರುವವಳು. ಇಲ್ಲಿ ಡಿಸೆಂಬರ್‌ನಲ್ಲಿ ಸೂರ್ಯ ಬರುವುದೇ ಏಳೂಮುಕ್ಕಾಲಿಗೆ. ಸಂಜೆ ನಾಲ್ಕೂವರೆಗೆ ಮುಳುಗಿಬಿಡುತ್ತಾನೆ. ಜನವರಿ ಮೊದಲ ವಾರ ಒಂದೇ ಸಲಕ್ಕೆ ಸುಮಾರು 15 ಇಂಚು ಹಿಮ ಬಿತ್ತು. ಅಮ್ಮನ ಮಾತು ಕಡಿಮೆಯಾಯಿತು, ಊಟ ಅರ್ಧವಾಯಿತು. ಹಗಲು ಮಂಪರು, ರಾತ್ರಿ ನಿದ್ದೆ ಇಲ್ಲ. ಒಂದು ಬೆಳಿಗ್ಗೆ ದೋಸೆ ಹುಯ್ಯುತ್ತಾ, ನನ್ನ ಕಡೆ ತಿರುಗದೆಯೇ ಹೇಳಿದಳು. "ನಂಗೆ ಬೇಗ ಟಿಕೆಟ್ ಮಾಡ್ಸಿಬಿಡು ಕಣೇ. ಮನುಷ್ಯರ ಮುಖಾನೇ ಕಾಣಲ್ಲ ಇಲ್ಲಿ. ನನ್ ಕೈಲಿ ಆಗಲ್ಲ."

ಎದೆ ಧಸಕ್ಕೆಂದಿತು. ಫೆಬ್ರವರಿ ಕೊನೆಗೆ ನನ್ನ ರಜೆ ಮುಗಿಯುತ್ತಿತ್ತು. ಡೇಕೇರ್‌ನಲ್ಲಿ ಜಾಗ ಸಿಗುವುದು ಮೇ ತಿಂಗಳಿಗೆ. ಅಮ್ಮ ಹೊರಟರೆ ನಾನು ಕೆಲಸ ಬಿಡಬೇಕಿತ್ತು. ಆದರೆ ಅಮ್ಮನ ಮುಖ ನೋಡಿದಾಗ ಇರು ಅನ್ನಲೂ ಬಾಯಿ ಬರಲಿಲ್ಲ. ರಾತ್ರಿ ಯಜಮಾನರು ಲ್ಯಾಪ್‌ಟಾಪ್ ತೆಗೆದು ಟಿಕೆಟ್ ದರ ನೋಡತೊಡಗಿದರು.

ನಮ್ಮ ಕೈ ಹಿಡಿದದ್ದು ಪಕ್ಕದ ಮನೆಯಾಕೆ. ಎಪ್ಪತ್ತು ದಾಟಿದವರು, ನಿವೃತ್ತ ನರ್ಸ್. ಹಿಮ ನಿಂತ 24 ಗಂಟೆಯೊಳಗೆ ಅವರವರ ಮನೆ ಮುಂದಿನ ಕಾಲುದಾರಿ ಅವರವರೇ ತೆರವು ಮಾಡಬೇಕು ಅನ್ನುವುದು ನಗರದ ನಿಯಮ. ಒಂದು ದಿನ ಯಜಮಾನರು ಆಫೀಸಿಗೆ ಹೋಗಿದ್ದಾಗ ಮತ್ತೆ ಎರಡು ಇಂಚು ಬಿತ್ತು. ಆಕೆ ತಮ್ಮ ಮನೆ ಮುಂದೆ ಮುಗಿಸಿ, ನಮ್ಮ ಮನೆ ಮುಂದೆಯೂ ಶುರುಮಾಡಿದರು. ಕಿಟಕಿಯಿಂದ ನೋಡಿದ ಅಮ್ಮನಿಗೆ ತಡೆಯಲಾಗಲಿಲ್ಲ. "ವಯಸ್ಸಾದ ಹೆಂಗಸು ನಮ್ಮನೆ ಅಂಗಳ ಗುಡಿಸ್ತಾವ್ರೆ, ನಾವು ಒಳಗೆ ಕೂತು ನೋಡೋದಾ? ಮರ್ಯಾದೆನಾ ಇದು?"

ಅಳಿಯನ ಜಾಕೆಟ್, ನನ್ನ ಬೂಟು. ಸೀರೆಯನ್ನು ಗದ್ದೆಗೆ ಇಳಿಯುವಾಗಿನ ಹಾಗೆ ಮೇಲೆತ್ತಿ ಸಿಕ್ಕಿಸಿ, ಒಳಗೆ ನನ್ನ ಥರ್ಮಲ್ ಪ್ಯಾಂಟು ಏರಿಸಿ, ಮನೆಯ ಪೊರಕೆ ಹಿಡಿದು ಅಮ್ಮ ಹೊರಗೆ ಹೋದಳು. ಮೈನಸ್ ಹತ್ತರ ಚಳಿಗೆ ಬೀಳುವ ಹಿಮ ಒಣಗಿದ ಅಕ್ಕಿ ಹಿಟ್ಟಿನ ಹಾಗಿರುತ್ತದೆ, ಗುಡಿಸಿದರೆ ಹಾರಿಹೋಗುತ್ತದೆ. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದು. ಆದರೂ ಕೈಸನ್ನೆಯಲ್ಲಿ ಏನೋ ಜೋರು ಮಾತುಕತೆ. ಇಪ್ಪತ್ತು ನಿಮಿಷಕ್ಕೆ ಕೆನ್ನೆ ಕೆಂಪಗೆ ಮಾಡಿಕೊಂಡು ಒಳಬಂದವಳು, "ಕಾಫಿ ಕೊಡೇ" ಅಂದಳು. ಎಷ್ಟೋ ದಿನದ ಮೇಲೆ ಕೇಳಿ ಕುಡಿದಿದ್ದಳು. ಆ ರಾತ್ರಿ ನಿದ್ದೆಯೂ ಬಂತು.

ಮರುದಿನದಿಂದ ಅದು ಅಮ್ಮನ ಕೆಲಸವಾಯಿತು. ಯಜಮಾನರು ಅವಳ ಅಳತೆಯ ಜಾಕೆಟ್, ಬೂಟು, ಉಣ್ಣೆ ಕಾಲುಚೀಲ ತಂದರು. ಪಕ್ಕದ ಮನೆಯಾಕೆ ಬೂಟಿನ ತಳಕ್ಕೆ ಹಾಕುವ ಉಕ್ಕಿನ ಸುರುಳಿಯ ರಬ್ಬರ್ ಪಟ್ಟಿ ಕೊಟ್ಟು, ಪೆಂಗ್ವಿನ್ ಹಾಗೆ ನಡೆಯುವುದು ತೋರಿಸಿದರು. ಪಾದ ಸಪಾಟಾಗಿ ಊರಬೇಕು, ಹೆಜ್ಜೆ ಚಿಕ್ಕದಿರಬೇಕು, ಕೈ ಜೇಬಿನಲ್ಲಿ ಇರಬಾರದು. ಸಂಕ್ರಾಂತಿ ದಿನ ಬಾಗಿಲ ಮುಂದಿನ ಹಿಮದ ಮೇಲೆ ಅರಿಶಿನ ಕುಂಕುಮದ ರಂಗೋಲಿ ಬಿದ್ದಿತ್ತು. ಬಿಳಿ ಮೇಲೆ ಬಿಳಿ ಪುಡಿ ಕಾಣಲ್ವಲ್ಲ! ಎಳ್ಳು ಬೆಲ್ಲ ಪಕ್ಕದ ಮನೆಗೂ ಹೋಯಿತು. ಟಿಕೆಟ್ ಮಾತು ಮತ್ತೆ ಬರಲಿಲ್ಲ.

ಅಷ್ಟರಲ್ಲಿ ಮಂಕು ನನಗೆ ಹತ್ತಿತ್ತು. ಕಾರಣವಿಲ್ಲದೆ ಅಳು. ಡಾಕ್ಟರ ಹತ್ತಿರ ಹೇಳಿಕೊಂಡೆ. ಅವರು ಮಾತಾಡಿ, ಪರೀಕ್ಷೆ ಮಾಡಿ, ವ್ಯಾಯಾಮಕ್ಕೂ ಒಪ್ಪಿಗೆ ಕೊಟ್ಟರು. ಹೊಸ್ತಿಲು ದಾಟಬೇಡ ಅಂದಿದ್ದ ಅಮ್ಮನೇ ಫೆಬ್ರವರಿಯಲ್ಲಿ ಒಂದು ಶನಿವಾರ, "ಹೋಗು, ಆ ಹಲಗೆ ಕಟ್ಕೊಂಡು ಒಂದ್ ಸುತ್ತು ಹೊಡ್ಕೊಂಡ್ ಬಾ. ಮಗು ನಾನು ನೋಡ್ಕೋತೀನಿ" ಅಂದಳು. ಪಾರ್ಕಿನ ಕಟ್ಟಡದೊಳಗೆ ಗಾಜಿನ ಹಿಂದೆ ಮಗು ಎತ್ತಿಕೊಂಡು ನಿಂತಳು. ನಾನು ಒಂದೇ ಸುತ್ತು ಹೋದೆ, ಎರಡು ಸಲ ಬಿದ್ದೆ. ಬಂದ ಮೇಲೆ ಅಮ್ಮ ನಗುತ್ತಾ, "ಕೆರೆಲಿ ಎಮ್ಮೆ ಎದ್ದಂಗೆ ಎದ್ಯಲ್ಲೇ" ಅಂದಳು. ಎಷ್ಟೋ ವಾರಗಳ ನಂತರ ನಾನೂ ಜೋರಾಗಿ ನಕ್ಕಿದ್ದೆ.

ಅಪ್ಪ ಅಮ್ಮನನ್ನು ಚಳಿಗಾಲದಲ್ಲಿ ಕರೆಸಿಕೊಳ್ಳುವವರಿಗೆ ನಾನು ಹೇಳುವುದು ಇಷ್ಟು. ಅವರು ಬರುವ ಮೊದಲೇ ಅವರ ಅಳತೆಯ ಜಾಕೆಟ್, ಬೂಟು ತಂದಿಡಿ. ಹತ್ತಿ ಕಾಲುಚೀಲ ಬೇಡ, ಒದ್ದೆಯಾದರೆ ಚಳಿ ಹೆಚ್ಚುತ್ತದೆ. ಬೂಟಿಗೆ ಮುಳ್ಳಿನ ಪಟ್ಟಿ ಬೇಕೇ ಬೇಕು. ಮೈನಸ್ ಒಂಬತ್ತು ಹತ್ತು ದಾಟಿದರೆ ರಸ್ತೆಗೆ ಹಾಕುವ ಉಪ್ಪೂ ಸರಿಯಾಗಿ ಕೆಲಸ ಮಾಡುವುದಿಲ್ಲ, ವಯಸ್ಸಾದವರಿಗೆ ಚಳಿಗಿಂತ ಜಾರಿ ಬೀಳುವ ಭಯವೇ ದೊಡ್ಡದು. ಒದ್ದೆ ಹಿಮ ಎತ್ತುವ ಕೆಲಸ ಕೊಡಬೇಡಿ, ಅದರಿಂದ ಹೃದಯಕ್ಕೆ ಪೆಟ್ಟು. ಪೊರಕೆ ಸಾಕು. ಗಾಳಿಯ ಎಚ್ಚರಿಕೆ ಇಲ್ಲದ ದಿನ ಮಧ್ಯಾಹ್ನ ಕಾಲು ಗಂಟೆಯಾದರೂ ಬೆಳಕಿಗೆ ಕರೆದುಕೊಂಡು ಹೋಗಿ. ಎರಡು ವಾರವಾದರೂ ಮಂಕು ಹೋಗದಿದ್ದರೆ, ಅಮ್ಮನಿಗಾಗಲಿ ನಿಮಗಾಗಲಿ, ಡಾಕ್ಟರಿಗೆ ಹೇಳಿ.

ಮೇ ತಿಂಗಳಲ್ಲಿ ಅಮ್ಮ ಊರಿಗೆ ಹೊರಟಾಗ ಬೂಟು ಪ್ಯಾಕ್ ಮಾಡಲು ಹೋದೆ. "ಇಲ್ಲೇ ಇರ್ಲಿ, ಯಾರ್ಗೂ ಕೊಟ್ಬಿಡ್ಬೇಡ" ಅಂದಳು. ನಮ್ಮ ಬಾಗಿಲ ಹಿಂದೆ ಈಗಲೂ ಇದೆ, ಪೊರಕೆಯ ಪಕ್ಕದಲ್ಲೇ.