ಮೂರನೆಯ ಕಣ್ಣು

ವಿಚಿತ್ರವಾದುದನ್ನು ಕಂಡೊಡನೆ ನಗುವುದು ಸುಲಭ. ಅದು ಹಾಗೇಕಿದೆ ಎಂದು ವಿಚಾರಿಸುವುದು ಕಷ್ಟ. ಮೋಟಾರು ಕಾರಿನ ಮುಂಭಾಗದ ದೀಪಗಳ ಚರಿತ್ರೆ ಈ ಮಾತಿಗೆ ಒಳ್ಳೆಯ ನಿದರ್ಶನವಾಗಿದೆ.

ಹೊಸ ಬಗೆಯ ಕಾರನ್ನು ಮಾರಾಟಕ್ಕೆ ತರುವ ಮೊದಲು ಕಾರ್ಖಾನೆಯವರು ಒಂದೆರಡು ಮಾದರಿ ಕಾರುಗಳನ್ನು ಕಟ್ಟಿ ನೋಡುವುದುಂಟು. ಕಲ್ಪನೆಗೆ ಅಲ್ಲಿ ಕಡಿವಾಣ ಕಡಿಮೆ. 1938ರಲ್ಲಿ ಅಮೆರಿಕದ ಹಾರ್ಲಿ ಅರ್ಲ್ ರೂಪಿಸಿದ ಬ್ಯೂಕ್ ವೈ-ಜಾಬ್ ಎಂಬ ಮಾದರಿಯಲ್ಲಿ ದೀಪಗಳು ಮುಚ್ಚಳಗಳ ಹಿಂದೆ ಅಡಗಿರುತ್ತಿದ್ದವು. 1951ರ ಲ ಸೇಬರ್ ಮಾದರಿಯಲ್ಲಿ ಜೆಟ್ ವಿಮಾನದ ಬಾಯಿಯನ್ನು ಹೋಲುವ ಮುಂಭಾಗವು ಹೊರಳಿದಾಗ ಮಾತ್ರ ದೀಪಗಳು ಕಾಣಿಸುತ್ತಿದ್ದವು. ನೋಡುವವರ ಕಣ್ಣಿಗೆ ಇದು ಹಬ್ಬವೇ ಸರಿ. ಆದರೆ ದೀಪವನ್ನು ಅಡಗಿಸಿಟ್ಟ ಮಾತ್ರಕ್ಕೆ ದಾರಿಯ ಮೇಲೆ ಬೆಳಕು ಹೆಚ್ಚುವುದಿಲ್ಲ.

ಪ್ರೆಸ್ಟನ್ ಟಕ್ಕರ್ ಎಂಬಾತನ ವಿಚಾರ ಬೇರೆ. ಕಾರು ತಿರುವಿನಲ್ಲಿ ಹೊರಳುವಾಗ ಅದರ ದೀಪಗಳು ನೇರವಾಗಿಯೇ ನೋಡುತ್ತಿರುತ್ತವೆ. ಹೋಗಬೇಕಾದ ದಾರಿ ಕತ್ತಲೆಯಲ್ಲಿಯೇ ಉಳಿಯುತ್ತದೆ. ಈ ಕೊರತೆಯನ್ನು ನೀಗಲು ಆತ ತನ್ನ 1948ರ ಕಾರಿನ ಮೂಗಿನ ನಡುವೆ ಮೂರನೆಯ ದೀಪವೊಂದನ್ನು ಇರಿಸಿದನು. ಸ್ಟಿಯರಿಂಗ್ ಚಕ್ರವನ್ನು ಹೊರಳಿಸಿದಂತೆ ಆ ದೀಪವೂ ಹೊರಳಿ ತಿರುವನ್ನು ಬೆಳಗುತ್ತಿತ್ತು. ಮೊದಲ ಮಾದರಿಯೂ ಸೇರಿ ಇಂಥ 51 ಕಾರುಗಳಷ್ಟೇ ಸಿದ್ಧವಾದವು. ವಂಚನೆಯ ಆರೋಪ ಹೊತ್ತು ಟಕ್ಕರ್ ನ್ಯಾಯಾಲಯದ ಕಟಕಟೆಯಲ್ಲಿ ನಿಲ್ಲಬೇಕಾಯಿತು. 1950ರಲ್ಲಿ ನಿರ್ದೋಷಿಯೆಂಬ ತೀರ್ಪು ಬರುವ ವೇಳೆಗೆ ಕಾರ್ಖಾನೆ ಮುಚ್ಚಿಹೋಗಿತ್ತು.

ಆದರೆ ಆ ವಿಚಾರ ಅಳಿಯಲಿಲ್ಲ. 1967ರಲ್ಲಿ ಫ್ರಾನ್ಸಿನ ಸಿಟ್ರೊಯೆನ್ ಸಂಸ್ಥೆ ತನ್ನ ಡಿ.ಎಸ್. ಕಾರಿಗೆ ಗಾಜಿನ ಹೊದಿಕೆಯ ಹಿಂದೆ ತಿರುಗುವ ದೀಪಗಳನ್ನು ಅಳವಡಿಸಿತು. ಅಮೆರಿಕದ ನಿಯಮಗಳು ಅವನ್ನು ಒಪ್ಪಲಿಲ್ಲ. ಅಲ್ಲಿಗೆ ಹೋದ ಕಾರುಗಳಿಗೆ ಅಲುಗಾಡದ ದೀಪಗಳನ್ನೇ ಹಾಕಬೇಕಾಯಿತು. ಒಂದೇ ಅಳತೆಯ ದೀಪವಿದ್ದರೆ ಕೆಟ್ಟಾಗ ಯಾವ ಊರಿನಲ್ಲಾದರೂ ಬದಲಿ ದೊರೆಯುತ್ತದೆ. ಆದುದರಿಂದ ನಿಯಮವೇ ತಪ್ಪೆಂದು ಹೇಳಲಾಗದು. ಆದರೆ ಪ್ರಯಾಣಿಕನ ರಕ್ಷಣೆಗಾಗಿ ಹುಟ್ಟಿದ ನಿಯಮವೇ ಇನ್ನೂ ಹೆಚ್ಚಿನ ರಕ್ಷಣೆ ನೀಡಬಲ್ಲ ದೀಪಕ್ಕೆ ಅಡ್ಡಿಯಾದಾಗ ಅದನ್ನು ಮರುಪರಿಶೀಲಿಸುವುದು ವಿವೇಕವಲ್ಲವೆ? ಇಂದು ಹಲವು ದೇಶಗಳ ರಸ್ತೆಗಳಲ್ಲಿ ತಿರುವಿನೊಡನೆ ತಿರುಗುವ ದೀಪಗಳುಳ್ಳ ಕಾರುಗಳು ಓಡುತ್ತಿವೆ. ಅವನ್ನು ಕಂಡು ಯಾರೂ ನಗುವುದಿಲ್ಲ.

ಸೊಗಸು ಬೇಡವೆಂದು ನನ್ನ ಅಭಿಪ್ರಾಯವಲ್ಲ. ಆದರೆ ಹೊಸ ವಸ್ತುವೊಂದು ಎದುರಾದಾಗ ಅದು ಹೇಗೆ ಕಾಣುತ್ತದೆ ಎಂಬುದಕ್ಕಿಂತ ಯಾವ ಕೊರತೆಯನ್ನು ನೀಗುತ್ತದೆ ಎಂಬುದನ್ನು ಮೊದಲು ಕೇಳಬೇಕು. ದೀಪದ ಬೆಲೆ ಇರುವುದು ಅದರ ಆಕಾರದಲ್ಲಲ್ಲ, ಅದು ತೋರುವ ದಾರಿಯಲ್ಲಿ.